ಕಲರ್ ಜೆರಾಕ್ಸ್ ರಿಪೇರಿ ತರಬೇತಿ: ಮೂರು ಮಳೆಗಾಲ ಕಳೆದ ಮೇಲೆ

ತರಬೇತಿ ಮುಗಿದ ದಿನ ಕೊಟ್ಟ ಪ್ರಮಾಣಪತ್ರ ಮನೆಯಲ್ಲಿ ಎಲ್ಲಿದೆಯೋ ಗೊತ್ತಿಲ್ಲ. ಎರಡನೆಯ ದಿನ ಕೈಗಿತ್ತ ಉಕ್ಕಿನ ಸ್ಕೇಲು ಮಾತ್ರ ಇವತ್ತಿಗೂ ನನ್ನ ಚೀಲದಲ್ಲಿದೆ. ಟೋನರ್ ಎಂಬ ಬಣ್ಣದ ಪುಡಿ ಮೆತ್ತಿ ಅದರ ಗೆರೆಗಳು ಮಸುಕಾಗಿವೆ. ಆದರೂ ದಿನಕ್ಕೊಮ್ಮೆಯಾದರೂ ಅದನ್ನು ಹೊರತೆಗೆಯದೆ ನನ್ನ ಕೆಲಸ ಸಾಗುವುದಿಲ್ಲ.

ನಾನು ಶಿವಮೊಗ್ಗದವನು. ಐಟಿಐ ಮುಗಿಸಿ ಒಂಬತ್ತು ವರ್ಷ ಕಪ್ಪು ಬಿಳುಪಿನ ಯಂತ್ರಗಳನ್ನೇ ರಿಪೇರಿ ಮಾಡಿಕೊಂಡಿದ್ದೆ. ಕೋರ್ಟಿನ ಎದುರು, ತಾಲ್ಲೂಕು ಕಚೇರಿಯ ಪಕ್ಕ, ಕಾಲೇಜಿನ ಗೇಟಿನ ಹತ್ತಿರ ಇರುವ ಜೆರಾಕ್ಸ್ ಅಂಗಡಿಗಳೇ ನನ್ನ ಅನ್ನ. ಅಂಗಡಿಯವರು ನಮ್ಮನ್ನು ಇಂಜಿನಿಯರ್ ಎಂದೇ ಕರೆಯುತ್ತಾರೆ, ಅಲ್ಲವೆಂದರೂ ಕೇಳುವುದಿಲ್ಲ. ಆಮೇಲೆ ಒಂದೊಂದೇ ಅಂಗಡಿಗೆ ಕಲರ್ ಯಂತ್ರ ಬರತೊಡಗಿತು. ಹೆಚ್ಚಿನವು ಹೊರದೇಶದ ಕಚೇರಿಗಳಲ್ಲಿ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಯಂತ್ರಗಳು. ನಾನು ಮುಂದಿನ ಬಾಗಿಲು ತೆರೆದು, ಸಾಲಾಗಿ ಕುಳಿತ ನಾಲ್ಕು ಡ್ರಮ್‌ಗಳನ್ನು (ಚಿತ್ರ ಮೂಡುವ ಉರುಳೆಗಳನ್ನು) ನೋಡಿ, ಮತ್ತೆ ಮೆಲ್ಲಗೆ ಮುಚ್ಚಿ, 'ಬೆಂಗಳೂರಿನಿಂದ ಜನ ಕರೆಸಬೇಕಾಗುತ್ತದೆ ಅಣ್ಣ' ಎನ್ನುತ್ತಿದ್ದೆ. ಹೀಗೆ ನಾಲ್ಕೈದು ಗಿರಾಕಿಗಳನ್ನು ಕಳೆದುಕೊಂಡ ಮೇಲೆ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಆರು ವಾರದ ತರಬೇತಿಗೆ ಸೇರಿದೆ. ಶುಲ್ಕ 22,000 ರೂಪಾಯಿ. ಉಳಿಯುವ ಜಾಗಕ್ಕೆ, ಊಟಕ್ಕೆ ಬೇರೆ. ಆರು ವಾರ ದುಡಿಮೆ ಇಲ್ಲದ ನಷ್ಟ ಅದರ ಮೇಲೆ. ಹೊಗಳಿಕೆ, ದೂರು ಎರಡೂ ಇರುವುದರಿಂದ ಸಂಸ್ಥೆಯ ಹೆಸರು ಹೇಳುವುದಿಲ್ಲ.

ಮೊದಲ ದಿನ ಬೆಳಗ್ಗೆ ಇತಿಹಾಸದಿಂದ ಶುರು ಮಾಡಿದಾಗ ನನಗೆ ಸಿಟ್ಟೇ ಬಂದಿತ್ತು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದಲ್ಲಿ ಚೆಸ್ಟರ್ ಕಾರ್ಲ್‌ಸನ್ ಎಂಬಾತ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿದ್ದು, ಗಾಜಿನ ಮೇಲೆ ಅವತ್ತಿನ ತಾರೀಕು ಬರೆದು ಬೆಳಕು ಬಿಟ್ಟಿದ್ದು, ನುಣ್ಣನೆಯ ಪುಡಿ ಉದುರಿಸಿ ಮೇಣದ ಕಾಗದಕ್ಕೆ ಒತ್ತಿ ಬಿಸಿ ಮಾಡಿದ್ದು: ಈ ಕಥೆ ಕೇಳಲು ನಾನು ಬಸ್ ಹತ್ತಿ ಬಂದೆನೇ? ಆದರೆ ಸರ್ ಕಥೆ ನಿಲ್ಲಿಸಿ, ಪಕ್ಕದಲ್ಲಿದ್ದ ಯಂತ್ರದ ಹೊದಿಕೆ ಬಿಚ್ಚಿ, 'ಆ ಕರವಸ್ತ್ರ ಇದರಲ್ಲಿ ಎಲ್ಲಿದೆ, ತೋರಿಸಿ' ಎಂದರು. ಒಂಬತ್ತು ವರ್ಷ ಕೆಲಸ ಮಾಡಿದ ನಾನು ಬಾಯಿ ಬಿಡಲಿಲ್ಲ. ಅವರು ಡ್ರಮ್ಮಿಗೆ ವಿದ್ಯುದಾವೇಶ ಕೊಡುವ ಚಾರ್ಜ್ ರೋಲರ್ ಮೇಲೆ ಬೆರಳಿಟ್ಟರು. ಆ ಬೆಳಕಿನ ಜಾಗದಲ್ಲಿ ಲೇಸರ್, ಪುಡಿಯ ಜಾಗದಲ್ಲಿ ಡೆವಲಪರ್, ಬಿಸಿಯ ಜಾಗದಲ್ಲಿ ಟೋನರನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್. ತಗಡಿನಲ್ಲಿ ನಡೆದದ್ದೇ ಇಲ್ಲಿ ಉರುಳೆಯ ಮೇಲೆ ನಡೆಯುತ್ತದೆ, ಹಳದಿ, ಕೆನ್ನೇರಳೆ, ನೀಲಿ, ಕಪ್ಪು ಎಂದು ನಾಲ್ಕು ಸಲ. ನಾಲ್ಕೂ ಬಣ್ಣ ಬೆಲ್ಟಿನ ಮೇಲೆ ಒಂದರ ಮೇಲೊಂದು ಕೂತು, ಅಲ್ಲಿಂದ ಒಟ್ಟಿಗೆ ಕಾಗದಕ್ಕೆ ಇಳಿಯುತ್ತವೆ. ಅಷ್ಟು ಹೊತ್ತಿಗೆ ಕಲರ್ ಯಂತ್ರದ ಭಯ ಅರ್ಧ ಹೋಗಿತ್ತು.

ಈಗ ಸ್ಕೇಲಿನ ವಿಷಯ. ಪುಟದಲ್ಲಿ ಒಂದೇ ಗುರುತು ಮತ್ತೆ ಮತ್ತೆ ಬರುತ್ತಿದ್ದರೆ ಅದು ಯಾವುದೋ ಉರುಳೆಯ ಗಾಯ, ಉರುಳೆ ಒಂದು ಸುತ್ತು ಮುಗಿಸಿದಾಗಲೆಲ್ಲ ಗುರುತು ಬೀಳುತ್ತದೆ. ಎರಡು ಗುರುತುಗಳ ನಡುವಿನ ದೂರ ಅಳೆದರೆ ಉರುಳೆಯ ಸುತ್ತಳತೆ ಸಿಕ್ಕಿತು. 30 ಮಿಲಿಮೀಟರ್ ವ್ಯಾಸದ ಡ್ರಮ್ ಆದರೆ ಸುಮಾರು 94 ಮಿಲಿಮೀಟರಿಗೊಮ್ಮೆ, 12 ಮಿಲಿಮೀಟರಿನ ಚಾರ್ಜ್ ರೋಲರ್ ಆದರೆ 38ಕ್ಕೊಮ್ಮೆ. ಏಳನೆಯ ತರಗತಿಯ ಗಣಿತ. ಆದರೆ ಅದನ್ನು ನನಗೆ ಯಾರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ. ತೀರ್ಥಹಳ್ಳಿಯ ಒಂದು ಅಂಗಡಿಯಲ್ಲಿ ಲಗ್ನಪತ್ರಿಕೆಯ ಮೇಲೆಲ್ಲ ಚಿಕ್ಕ ಕೆಂಪು ಕಲೆ ಬೀಳುತ್ತಿತ್ತು. ನನಗಿಂತ ಮೊದಲು ಬಂದವರು ಫ್ಯೂಸರ್ ಬದಲಿಸಿ ಹಣ ಪಡೆದು ಹೋಗಿದ್ದರು. ಕಲೆ ಹೋಗಿರಲಿಲ್ಲ. ನಾನು ಒಂದೊಂದೇ ಬಣ್ಣದ ಟೆಸ್ಟ್ ಪ್ರಿಂಟ್ ತೆಗೆದೆ, ಕೆನ್ನೇರಳೆಯ ಪುಟದಲ್ಲಿ ಮಾತ್ರ ಕಲೆ. ಸ್ಕೇಲು ಇಟ್ಟೆ. 94. ಆ ಡ್ರಮ್ ಹೊರತೆಗೆದು ನೋಡಿದರೆ ಸ್ಟೇಪ್ಲರ್ ಪಿನ್ನು ತಾಗಿದ ಚುಕ್ಕೆಯಷ್ಟು ಗಾಯ. ಅಂಗಡಿಯಾತ ಯಂತ್ರವನ್ನು ಬಿಟ್ಟು ಸ್ಕೇಲನ್ನೇ ತಿರುಗಿಸಿ ತಿರುಗಿಸಿ ನೋಡಿದ.

ಇನ್ನೊಂದು ಪಾಠ, ಯಂತ್ರವನ್ನು ನಡುದಾರಿಯಲ್ಲಿ ನಿಲ್ಲಿಸುವುದು. ಪ್ರಿಂಟ್ ಅರ್ಧಕ್ಕೆ ಬಂದಾಗ ಬಾಗಿಲು ತೆಗೆದು, ಕಾಗದ ಫ್ಯೂಸರ್ ಮುಟ್ಟುವ ಮೊದಲೇ ಎಳೆದುಕೊಳ್ಳಬೇಕು. ಹಸಿ ಟೋನರಿನ ಚಿತ್ರ ಶುದ್ಧವಾಗಿದ್ದರೆ ತಪ್ಪು ಫ್ಯೂಸರಿನದು, ಕಾಗದದ ಮೇಲೇ ಕೆಟ್ಟಿದ್ದರೆ ಹಿಂದಕ್ಕೆ ಹೋಗಿ ಬೆಲ್ಟ್ ನೋಡಬೇಕು, ಬೆಲ್ಟಿನಲ್ಲೂ ಕೆಟ್ಟಿದ್ದರೆ ಡ್ರಮ್. ಹಾಗೆಯೇ ಕಂಪ್ಯೂಟರಿನಿಂದ ಬಂದ ಪ್ರಿಂಟ್ ಸರಿಯಿದ್ದು ಕಾಪಿ ಮಾತ್ರ ಕೆಟ್ಟಿದ್ದರೆ ಟೋನರ್ ಕಡೆ ಕೈಯನ್ನೇ ಹಾಕಬಾರದು, ತಪ್ಪು ಸ್ಕ್ಯಾನರಿನದು. ಮೇಲಿನ ಫೀಡರಿನಿಂದ ತೆಗೆದ ಕಾಪಿಗಳಲ್ಲಿ ಮಾತ್ರ ಉದ್ದ ಗೆರೆ ಬರುತ್ತಿದ್ದರೆ ಪಕ್ಕದ ಕಿರಿದಾದ ಗಾಜಿನ ಪಟ್ಟಿಯ ಮೇಲೆ ಯಾರದೋ ವೈಟ್ನರ್ ಒಣಗಿ ಕೂತಿರುತ್ತದೆ. ಉಗುರಿನಿಂದ ಕೆರೆದರೆ ಎದ್ದುಬರುತ್ತದೆ. ಇಂಥ ಎರಡು ನಿಮಿಷದ ಕೆಲಸಕ್ಕೆ ಎಷ್ಟು ಕೇಳಬೇಕೆಂಬುದನ್ನು ತರಬೇತಿಯಲ್ಲಿ ಹೇಳಿಕೊಡಲಿಲ್ಲ.

ಹಳದಿಯ ಪಾಠ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬಿಳಿ ಕಾಗದದ ಮೇಲೆ ಹಳದಿ ಬಣ್ಣದ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ನೀಲಿ ಬೆಳಕು ಬಿಟ್ಟು ನೋಡಿದರೆ ಹಳದಿ ಕಪ್ಪಾಗಿ ಎದ್ದು ಕಾಣುತ್ತದೆ. ಅವತ್ತು ಸಂಜೆಯೇ ಎಸ್‌ಪಿ ರಸ್ತೆಗೆ ಹೋಗಿ ನೀಲಿ ಎಲ್‌ಇಡಿಯ ಪುಟ್ಟ ಟಾರ್ಚ್ ತಂದೆ. ಇದರಿಂದ ಒಂದು ಪಜೀತಿಯೂ ಆಯಿತು. ಹೊಸತರಲ್ಲಿ ಒಂದು ಯಂತ್ರದ ಪುಟದ ತುಂಬ ಸಾಸಿವೆಗಿಂತ ಚಿಕ್ಕ ಹಳದಿ ಚುಕ್ಕೆಗಳನ್ನು ಕಂಡು, ಟೋನರ್ ಸಿಡಿಯುತ್ತಿದೆ ಎಂದುಕೊಂಡು ಎರಡು ಗಂಟೆ ಬಿಚ್ಚಿ ಜೋಡಿಸಿದೆ. ಕೊನೆಗೆ ಸರ್‌ಗೆ ಫೋನ್ ಮಾಡಿದರೆ ನಕ್ಕುಬಿಟ್ಟರು. ಅನೇಕ ಕಲರ್ ಲೇಸರ್ ಯಂತ್ರಗಳು ಬೇಕೆಂದೇ ಹಾಕುವ ಗುಪ್ತ ಚುಕ್ಕೆಗಳು ಅವು. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಡಿಜಿಟಲ್ ಹಕ್ಕುಗಳ ಸಂಸ್ಥೆ 2005ರಲ್ಲಿ ಇಂಥ ಚುಕ್ಕೆಗಳ ಒಗಟು ಬಿಡಿಸಿ, ಅವುಗಳಲ್ಲಿ ಯಂತ್ರದ ಕ್ರಮಸಂಖ್ಯೆ, ದಿನಾಂಕ, ಸಮಯ ಅಡಗಿರುವುದನ್ನು ತೋರಿಸಿತ್ತಂತೆ. ಇದಕ್ಕೆಲ್ಲ ಕಾರಣ ಖೋಟಾ ನೋಟಿನ ಭಯ. ನೋಟಿನ ಮಾತು ಬಂತೆಂದು ಹೇಳುತ್ತೇನೆ: 'ಯಂತ್ರ ಕೆಟ್ಟಿದೆ, ಕೂಡಲೇ ಬನ್ನಿ' ಎಂದು ಕರೆಸಿಕೊಂಡ ಒಬ್ಬರ ಅಂಗಡಿಯಲ್ಲಿ ಆಗಿದ್ದಿಷ್ಟು, ಯಾರೋ ಮಗುವಿನ ಶಾಲೆಯ ಪ್ರಾಜೆಕ್ಟಿಗೆಂದು 500ರ ನೋಟನ್ನು ಗಾಜಿನ ಮೇಲೆ ಇಟ್ಟಿದ್ದರು, ಯಂತ್ರ ಗುರುತು ಹಿಡಿದು ಕಾಪಿ ಕೊಡಲಿಲ್ಲ. ಯಂತ್ರಕ್ಕೇನೂ ಆಗಿಲ್ಲ, ನಿಮ್ಮನ್ನು ಕಾಪಾಡಿದೆ ಎಂದು ಹೇಳಿ ಚಹಾ ಕುಡಿದು ಬಂದೆ.

ಇನ್ನು ದೂರುಗಳು. ಜಾಹೀರಾತಿನಲ್ಲಿ 'ಕೈಯಾರೆ ಕಲಿಕೆ' ಎಂದಿತ್ತು. ನಾವು ಹದಿನೆಂಟು ಜನ, ಚಾಲೂ ಇದ್ದ ಕಲರ್ ಯಂತ್ರ ಮೂರು. ಒಬ್ಬ ಸ್ಕ್ರೂ ಬಿಚ್ಚಿದರೆ ಐವರು ಅವನ ಬೆನ್ನು ನೋಡುತ್ತ ನಿಲ್ಲಬೇಕು. ಡೆವಲಪರ್ ಬದಲಿಸುವ ಪಾಠದ ದಿನ ನನ್ನ ಸರದಿ ಬರುವಷ್ಟರಲ್ಲಿ ಐದು ಗಂಟೆಯಾಗಿ, 'ಪುಸ್ತಕದಲ್ಲಿದೆ, ಓದಿಕೊಳ್ಳಿ' ಎಂದು ಮುಗಿಸಿದರು. ಅದರ ಬೆಲೆ ತೆತ್ತವನು ನಾನು.

ಸಾಗರದ ಅಂಗಡಿಯೊಂದರಲ್ಲಿ ಬಿಳಿ ಜಾಗದ ಮೇಲೆಲ್ಲ ತೆಳುವಾದ ನೀಲಿ ಮಬ್ಬು ಬರುತ್ತಿತ್ತು. ಡೆವಲಪರ್ ಎಂದರೆ ಸಣ್ಣ ಕಬ್ಬಿಣದ ಕಣಗಳು, ಟೋನರ್ ಅವುಗಳಿಗೆ ಅಂಟಿಕೊಂಡು ಡ್ರಮ್ಮಿಗೆ ಬರುತ್ತದೆ. ಕಬ್ಬಿಣ ಎಷ್ಟು, ಟೋನರ್ ಎಷ್ಟು ಎಂದು ಒಂದು ಸೆನ್ಸರ್ ಸದಾ ನೋಡುತ್ತಿರುತ್ತದೆ. ಹೊಸ ಡೆವಲಪರ್ ಹಾಕಿದಾಗ ಸರ್ವಿಸ್ ಮೋಡ್‌ಗೆ ಹೋಗಿ 'ಇದೇ ಸರಿಯಾದ ಅಳತೆ' ಎಂದು ಸೆನ್ಸರಿಗೆ ಒಂದು ಸಲ ಹೇಳಿಕೊಡಬೇಕು. ಹೊಸದು ಹಾಕಿದಾಗ ಮಾತ್ರ. ನಾನು ಏನು ಮಾಡಿದೆ? ಡೆವಲಪರ್ ಬದಲಿಸದೆ, ರೀಸೆಟ್ ಮಾಡಿದರೆ ಸರಿಹೋಗಬಹುದೆಂದು ಆ ಆದೇಶ ಕೊಟ್ಟೆ. ಒಳಗೆ ಮೊದಲೇ ಟೋನರ್ ಹೆಚ್ಚಾಗಿತ್ತು, ಯಂತ್ರ ಅದನ್ನೇ ಸರಿಯೆಂದು ನಂಬಿಕೊಂಡಿತು. ಮೂರನೆಯ ದಿನ ಅಂಗಡಿಯಾತನ ಫೋನು. ಹೋಗಿ ಬಾಗಿಲು ತೆರೆದರೆ ಒಳಗೆಲ್ಲ ನೀಲಿ ಹಿಟ್ಟು ಜರಡಿ ಹಿಡಿದಂತೆ. ಬೆಲ್ಟ್, ಟ್ರೇ, ಕೊನೆಗೆ ನನ್ನ ಹುಬ್ಬಿನವರೆಗೂ ನೀಲಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಹಾಕಬಾರದು, ಪುಡಿ ಅದರ ಜಾಲರಿಯಿಂದ ತೂರಿ ಹೊರಬರುತ್ತದೆ, ಕಿಡಿಯ ಅಪಾಯವೂ ಉಂಟು ಎಂಬುದು ನೆನಪಿತ್ತು, ಪುಣ್ಯ. ಮೈಗೆ ತಣ್ಣೀರೇ ಹಾಕಬೇಕು, ಬಿಸಿನೀರಿಗೆ ಟೋನರ್ ಮೆತ್ತಗಾಗಿ ಅಂಟುತ್ತದೆ ಎಂಬುದೂ. ಹೊಸ ಡೆವಲಪರ್ ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ.

ಅದಕ್ಕಿಂತ ದೊಡ್ಡ ಕೊರತೆ ಎಂದರೆ, ಇಡೀ ತರಬೇತಿ ಎಸಿ ಕೋಣೆಯಲ್ಲಿ ನಡೆಯಿತು. ಮಲೆನಾಡಿನ ಜುಲೈ ಆ ಕೋಣೆಗೆ ಬರಲೇ ಇಲ್ಲ. ಇಲ್ಲಿ ಮಳೆ ಹಿಡಿದರೆ ಕಾಗದ ಹಪ್ಪಳದಂತೆ ಮೆದುವಾಗುತ್ತದೆ. ತೇವದ ಕಾಗದ ಬೆಲ್ಟಿನಿಂದ ಟೋನರನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ, ಬಣ್ಣ ತೇಪೆ ತೇಪೆಯಾಗಿ ಬರುತ್ತದೆ. ಫ್ಯೂಸರಿನಿಂದ ಹೊರಬರುವಾಗ ಸುರುಳಿ ಸುತ್ತಿಕೊಂಡು ಜಾಮ್ ಆಗುತ್ತದೆ. ಮೊದಲ ಮಳೆಗಾಲದಲ್ಲಿ ಬೆಲ್ಟಿನಿಂದ ಕಾಗದಕ್ಕೆ ಬಣ್ಣ ಇಳಿಸುವ ಟ್ರಾನ್ಸ್‌ಫರ್ ರೋಲರುಗಳನ್ನು ನಾನು ಎರಡು ಕಡೆ ಸುಮ್ಮನೆ ಬದಲಿಸಿದೆ. ಮೂರನೆಯ ಅಂಗಡಿಯಲ್ಲಿ ಬುದ್ಧಿ ಬಂದು ಕಾಗದದ ಹೊಸ ಕಟ್ಟು ಬಿಚ್ಚಿ ಟ್ರೇಗೆ ಹಾಕಿದೆ, ಪ್ರಿಂಟ್ ಫಳಫಳ. ಈಗ ಎಲ್ಲ ಅಂಗಡಿಗಳಿಗೂ ಹೇಳುತ್ತೇನೆ: ಬೇಕಾದಷ್ಟೇ ಕಾಗದ ಟ್ರೇಗೆ ಹಾಕಿ, ಉಳಿದದ್ದನ್ನು ಸುತ್ತಿಡಿ, ಕಾಗದದ ಬೀರುವಿನಲ್ಲಿ ಹಳೆಯ ಕಾಲದ ಬಲ್ಬೊಂದನ್ನು ಉರಿಸಿಡಿ. ಅನೇಕ ಮಾದರಿಗಳಲ್ಲಿ ಟ್ರೇಗೆ ತೇವ ಒಣಗಿಸುವ ಹೀಟರ್ ಹಾಕಿಸುವ ವ್ಯವಸ್ಥೆ ಇದೆ. ಅದನ್ನು ನಾನು ತಿಳಿದದ್ದು ಸರ್ವಿಸ್ ಮ್ಯಾನುಯಲ್ ತಿರುವಿಹಾಕುವಾಗ, ತರಗತಿಯಲ್ಲಲ್ಲ.

ಕರೆಂಟಿನದೂ ಇದೇ ಕಥೆ. ರಿಕೋ ಯಂತ್ರಗಳಲ್ಲಿ ಎಸ್‌ಸಿ 542, ಕ್ಯಾನನ್‌ನಲ್ಲಿ ಇ 000 ಎಂಬ ಎರರ್ ಕೋಡ್ ಬಂದರೆ ಫ್ಯೂಸರ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎಂದರ್ಥ. ಹೀಟರ್, ಥರ್ಮಿಸ್ಟರ್, ಥರ್ಮೋಸ್ಟ್ಯಾಟ್ ನೋಡಿ ಎಂದು ಕಲಿಸಿದರು, ಸರಿಯಾಗಿಯೇ ಕಲಿಸಿದರು. ಗೋಡೆಯ ಪ್ಲಗ್ಗಿಗೆ ಮೊದಲು ಮೀಟರ್ ಇಡಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಹೊಸನಗರದ ಕಡೆಯ ಒಂದು ಹಳ್ಳಿಯಲ್ಲಿ ಸಂಜೆ ಹೊತ್ತು ಮಾತ್ರ ಇಂಥ ಎರರ್ ಬರುತ್ತಿತ್ತು. ಅಳೆದರೆ 170 ವೋಲ್ಟ್. ಸ್ಟೆಬಿಲೈಸರ್ ಹಾಕಿಸಿದ ಮೇಲೆ ಆ ಎರರ್ ಮತ್ತೆ ಬಂದಿಲ್ಲ. ಅಮೆರಿಕದಿಂದ ಬಂದ 120 ವೋಲ್ಟಿನ ಯಂತ್ರಗಳು, ಅವುಗಳ ಜೊತೆಗೆ ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್, ಹೈವೋಲ್ಟೇಜ್ ಬೋರ್ಡಿನ ಮೇಲೆ ಪ್ರಾಣ ಬಿಟ್ಟ ಹಲ್ಲಿಗಳು, ಇವೆಲ್ಲ ನಮ್ಮ ನಿತ್ಯದ ಸಂಗತಿಗಳು, ಪಠ್ಯದಲ್ಲಿ ಇವುಗಳಿಗೆ ಒಂದು ಪುಟವೂ ಇಲ್ಲ.

ನೆಟ್‌ವರ್ಕ್, ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕಳಿಸುವುದು, ಡ್ರೈವರ್: ಎರಡೇ ದಿನದಲ್ಲಿ ಮುಗಿಸಿದರು. ಸಾಲದು. ಪುಸ್ತಕ ಇಂಗ್ಲಿಷಿನಲ್ಲಿತ್ತು, ಪಾಠ ಇಂಗ್ಲಿಷ್ ಹಿಂದಿ ಬೆರೆತದ್ದು. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ರಾಯಚೂರು, ಹಾವೇರಿ, ಹಾಸನದ ಕಡೆಯವರು. ಅರ್ಥವಾಗದ್ದನ್ನು ಸರ್ ಚಹಾದ ಹೊತ್ತಿನಲ್ಲಿ ಕನ್ನಡದಲ್ಲಿ ಮತ್ತೆ ಹೇಳುತ್ತಿದ್ದರು. ನಿಜವಾದ ತರಗತಿ ಅದೇ.

ಹಣದ ಲೆಕ್ಕ ಕೇಳುವವರಿಗೆ: ಶುಲ್ಕ ಮತ್ತು ಖರ್ಚು ಹೊರಬರಲು ನನಗೆ ಏಳೆಂಟು ತಿಂಗಳು ಬೇಕಾಯಿತು. ಈಗ ಹನ್ನೊಂದು ಅಂಗಡಿಗಳ ಕಲರ್ ಯಂತ್ರಗಳನ್ನು ನಾನು ನೋಡಿಕೊಳ್ಳುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಸಂಶಯದ ಮೇಲೆ ಬಿಡಿಭಾಗ ಬದಲಿಸುವ ಚಟ ಬಿಟ್ಟಿತು. ಈ ತರಬೇತಿಗೆ ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಪ್ಪು ಬಿಳುಪಿನ ಯಂತ್ರವನ್ನು ವರ್ಷವಾದರೂ ಬಿಚ್ಚಿ ಕೂಡಿಸಿದವರು ಹೋಗಬಹುದು. ಈಗತಾನೇ ಐಟಿಐ ಮುಗಿಸಿದ ಹುಡುಗರು ಮೊದಲು ಯಾರದಾದರೂ ಕೈಕೆಳಗೆ ದುಡಿಯಲಿ, ಇಲ್ಲದಿದ್ದರೆ ಅಲ್ಲಿ ಹೇಳುವುದು ತಲೆಯ ಮೇಲೆ ಹಾದುಹೋಗುತ್ತದೆ.

ಹಣ ಕಟ್ಟುವ ಮೊದಲು ಒಂದು ಯಂತ್ರಕ್ಕೆ ಎಷ್ಟು ಜನ, ಡೆವಲಪರ್ ಬದಲಿಸುವುದನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸುತ್ತಾರೆಯೇ ಎಂದು ಕೇಳಿ. ಪಾಠ ಮಾಡುವವರು ಯಾರು ಎಂಬುದನ್ನೂ ಕೇಳಿ. ನಮಗೆ ಕಲಿಸಿದ ಸರ್ ಇಪ್ಪತ್ತು ವರ್ಷ ಅಂಗಡಿ ಅಂಗಡಿ ತಿರುಗಿದವರು, ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೂ ಎತ್ತುತ್ತಾರೆ. ಅವರು ಕಳೆದ ವರ್ಷ ಆ ಸಂಸ್ಥೆ ಬಿಟ್ಟು ಊರಿಗೆ ಹೋದರು. ಹಾಗಾಗಿ ನನ್ನ ಮೂರೂವರೆ ಅಂಕ ಅವರಿದ್ದ ಕಾಲದ್ದು. ಈಗಿನವರ ಪಾಠವನ್ನು ಒಂದು ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿಯೇ ರಸೀದಿ ಬರೆಸಿ.