ಲೋಕ್‌ಸೌಂಡ್ 5: ಹಾರ್ನ್ ಕೆಟ್ಟಿತು ಅಂತ ಡಿಕೋಡರ್ ಬಿಚ್ಚುವ ಮುಂಚೆ

ಎಚ್‌ಒ ಅಳತೆಯ (ನಿಜದ 87ರಲ್ಲೊಂದು ಪಾಲಿನ) ಮಾದರಿ ರೈಲುಗಳ ಅಮೆರಿಕನ್ ಡೀಸೆಲ್ ಎಂಜಿನ್‌ಗಳಲ್ಲಿ ಇಎಸ್‌ಯು ಕಂಪನಿಯ ಲೋಕ್‌ಸೌಂಡ್ 5 ಡಿಕೋಡರನ್ನು, ಅಂದರೆ ಹಳಿಯ ಮೂಲಕ ಬರುವ ಡಿಜಿಟಲ್ ಆಜ್ಞೆ ಓದಿ ಮೋಟಾರು ಮತ್ತು ಸದ್ದನ್ನು ನಡೆಸುವ ಸರ್ಕ್ಯೂಟನ್ನು, ಬಹಳ ಕಾಲ ಓಡಿಸಿದ ಮೇಲಿನ ಅಭಿಪ್ರಾಯ ಇದು. ಎಂಜಿನ್ ಗುಡುಗಿನ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ಇಲ್ಲಿ ಹಾರ್ನ್ ಮಾತ್ರ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಹಾರ್ನ್ ವಿಷಯದಲ್ಲಿ ಈ ಡಿಕೋಡರ್ ನಂಬಬಹುದಾದದ್ದು. ಹಾರ್ನ್ ತೊಂದರೆ ಅಂತ ಕಾಣುವುದರಲ್ಲಿ ಹೆಚ್ಚಿನವು ಸ್ಪೀಕರ್ ಪೆಟ್ಟಿಗೆಯವು, ಬಟನ್ ಸೆಟ್ಟಿಂಗಿನವು, ಇಲ್ಲವೇ ಗಾಲಿಗೆ ಮೆತ್ತಿದ ಕೊಳೆಯವು. ಸಿವಿ (ಡಿಕೋಡರ್ ನೆನಪಿಟ್ಟುಕೊಳ್ಳುವ ಸಂಖ್ಯೆಯ ಸೆಟ್ಟಿಂಗ್) ಬದಲಿಸುವ ಪದ್ಧತಿಯ ಮೇಲೆ ಮಾತ್ರ ತಕರಾರಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಾರ್ನ್ ಒತ್ತಿದರೆ ನಿಲ್ಲುವುದೇ ಇಲ್ಲ, ಇನ್ನೊಮ್ಮೆ ಒತ್ತಿದರಷ್ಟೇ ನಿಲ್ಲುತ್ತದೆ ಅಂದರೆ ಡಿಕೋಡರನ್ನು ಮುಟ್ಟಬೇಡಿ. ಹಾರ್ನ್ ಸದ್ದಿಗೆ ಮೂರು ತುಂಡು: ಶುರು, ನಡುವೆ ಸುತ್ತುತ್ತಲೇ ಇರುವ ಭಾಗ, ಕೊನೆ. ಹಾರ್ನ್‌ನ ಬಟನ್ ಆದ ಎಫ್2 ಆನ್ ಇರುವಷ್ಟು ಹೊತ್ತೂ ನಡುವಿನ ಭಾಗ ಸುತ್ತುತ್ತದೆ, ಆಫ್ ಆದಾಗ ಕೊನೆಯ ತುಂಡು ಬರುತ್ತದೆ. ಕಂಟ್ರೋಲರ್‌ನಲ್ಲಿ ಎಫ್2 ಲೈಟ್ ಸ್ವಿಚ್ಚಿನ ಹಾಗೆ ಕೂತಿದ್ದರೆ ಹಾರ್ನ್ ಕೂಗುತ್ತಲೇ ಇರುತ್ತದೆ. ರೈಲು ಓಡಿಸುವ ಝಡ್21 ಆ್ಯಪ್‌ನಲ್ಲಿ ಆ ಬಟನ್ನಿನ ಬಗೆಯನ್ನು ಒತ್ತಿ ಹಿಡಿಯುವ ಬಟನ್ ಅಂತ ಬದಲಿಸಿ. ಜೆಎಂಆರ್‌ಐ ಎಂಬ ಕಂಪ್ಯೂಟರ್ ತಂತ್ರಾಂಶದ ಮೂಲಕ ಫೋನಿನಲ್ಲಿ ಓಡಿಸುವವರು ಅದರ ಎಂಜಿನ್ ಪಟ್ಟಿಯಾದ ರೋಸ್ಟರ್‌ನಲ್ಲಿ ಎಫ್2 ಪಕ್ಕದ ‘ಲಾಕಬಲ್’ ಗುರುತನ್ನು ತೆಗೆದುಬಿಡಿ. ಪವರ್ ಕೊಟ್ಟ ತಕ್ಷಣ ತಾನಾಗಿಯೇ ಕೂಗಿದರೆ, ಹಳಿಗೆ ಆಜ್ಞೆ ಕಳಿಸುವ ಯಂತ್ರವಾದ ಕಮಾಂಡ್ ಸ್ಟೇಷನ್ ಹಿಂದಿನ ಸಲದ ಎಫ್2 ಆನ್ ಸ್ಥಿತಿಯನ್ನು ನೆನಪಿಟ್ಟುಕೊಂಡು ಮತ್ತೆ ಕಳಿಸುತ್ತಿರಬಹುದು. ಒಮ್ಮೆ ಒತ್ತಿ ಬಿಟ್ಟರೆ ಸರಿಹೋಗುತ್ತದೆ.

ಇದನ್ನು ಪರೀಕ್ಷಿಸಲು ಅಮೆರಿಕದ ಲೆವೆಲ್ ಕ್ರಾಸಿಂಗ್ ಕೂಗೇ ಸಾಕು: ಎರಡು ಉದ್ದ, ಒಂದು ಗಿಡ್ಡ, ಕೊನೆಗೊಂದು ಉದ್ದ. ಅಲ್ಲಿನ ನಿಯಮದಂತೆ ಕ್ರಾಸಿಂಗ್ ತಲುಪುವ 15ರಿಂದ 20 ಸೆಕೆಂಡ್ ಮೊದಲೇ ಶುರುವಾಗಬೇಕು, ಕೊನೆಯ ಕೂಗು ಎಂಜಿನ್ ರಸ್ತೆಯ ಮೇಲೆ ಬರುವವರೆಗೂ ನಡೆಯಬೇಕು. ಗಿಡ್ಡ ಕೂಗು ತಡವಾಗಿ ಬಂದರೆ ಮೊದಲು ವೈಫೈಯನ್ನು ಅನುಮಾನಿಸಿ, ತಂತಿಯ ಕಂಟ್ರೋಲರ್‌ನಿಂದ ಒತ್ತಿ ನೋಡಿ.

ಇನ್ನು ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ದೂರು: ಹಾರ್ನ್ ತೆಳುವಾಗಿದೆ, ಆಟಿಕೆ ಪೀಪಿಯ ಹಾಗಿದೆ. ಅಮೆರಿಕದ ನಿಜ ಎಂಜಿನ್‌ಗಳಲ್ಲಿರುವ ನೇಥನ್ ಕೆ5ಎಲ್‌ಎ ಹಾರ್ನ್‌ನಲ್ಲಿ ಐದು ಸ್ವರ ಒಟ್ಟಿಗೆ ಕೂಗುತ್ತವೆ: ಸುಮಾರು 311, 370, 415, 494, 622 ಹರ್ಟ್ಸ್. ಹಾರ್ನ್‌ನ ಗತ್ತು ಇರುವುದು ಕೆಳಗಿನ ಮೂರರಲ್ಲಿ. 11×15 ಮಿ.ಮೀ. ಸಕ್ಕರೆ ಅಚ್ಚಿನಂಥ ಸ್ಪೀಕರ್‌ಗೆ ಅಷ್ಟು ಕೆಳಗಿನ ಸದ್ದು ಮೊದಲೇ ಕಷ್ಟ. ಪೆಟ್ಟಿಗೆ ಇಲ್ಲದೆ ಕೂರಿಸಿದರಂತೂ ಪೊರೆಯ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿ ಮೇಲಿನ ಸ್ವರಗಳಷ್ಟೇ ಉಳಿಯುತ್ತವೆ. ಎಂಜಿನ್ ಗುಡುಗಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಹಾರ್ನ್‌ನಲ್ಲಿ ತಕ್ಷಣ ಬಯಲಾಗುತ್ತದೆ.

ಆದ್ದರಿಂದ ಪೆಟ್ಟಿಗೆ ಬೇಕೇ ಬೇಕು, ಅದರಲ್ಲಿ ಗಾಳಿ ಸೋರಬಾರದು. ಸ್ಪೀಕರ್ ಮತ್ತು ಪೆಟ್ಟಿಗೆ ಸೇರುವ ಅಂಚಿಗೆ ಸುತ್ತಲೂ ಕ್ಯಾನಪಿ ಗ್ಲೂ (ಮಾದರಿ ಕೆಲಸಕ್ಕೆ ಬಳಸುವ, ಒಣಗಿದ ಮೇಲೂ ಬಾಗುವ ಅಂಟು) ತೆಳುವಾಗಿ ಎಳೆಯಿರಿ, ತಂತಿ ಹೊರಬರುವ ತೂತನ್ನೂ ಮುಚ್ಚಿ. ಸೂಪರ್ ಗ್ಲೂ ಬೇಡ. ಒಂದು ಹನಿ ಪೊರೆಯ ಅಂಚಿಗೆ ಹರಿದರೆ ಸ್ಪೀಕರ್ ಕಸದ ಬುಟ್ಟಿಗೆ. ಎಂಜಿನ್ ಒಳಗೆ ಎಷ್ಟು ಜಾಗವಿದೆಯೋ ಅಷ್ಟು ದೊಡ್ಡ ಪೆಟ್ಟಿಗೆ ಹಾಕಿ. ಎರಡು ಸ್ಪೀಕರ್ ಹಾಕುವುದಾದರೆ ಪ್ಲಸ್ ಮೈನಸ್ ಗುರುತು ನೋಡಿ ಜೋಡಿಸಿ. ಒಂದು ತಿರುಗಿಬಿದ್ದರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ, ಒಂದಕ್ಕಿಂತಲೂ ಕಡಿಮೆ ಕೇಳಿಸುತ್ತದೆ. 8 ಓಮ್‌ನ ಎರಡನ್ನು ಪ್ಯಾರಲಲ್ ಮಾಡಿದರೆ 4 ಓಮ್, ಇದಕ್ಕೆ ಸರಿ. 4 ಓಮ್‌ನ ಎರಡನ್ನು ಹಾಗೆ ಮಾಡಿದರೆ 2 ಓಮ್ ಆಗಿ ಆಂಪ್ಲಿಫೈಯರ್‌ಗೆ ಕುತ್ತು. ಹಳೆಯ ಲೋಕ್‌ಸೌಂಡ್ 3.5 ತಲೆಮಾರಿನ 100 ಓಮ್ ಸ್ಪೀಕರನ್ನು ಇದಕ್ಕೆ ಹಾಕಿದರೆ ಹಾರ್ನ್ ಪಿಸುಗುಟ್ಟುತ್ತದೆ ಅಷ್ಟೆ. ಸ್ಪೀಕರ್ ತಂತಿ ಯಾವುದೂ ಎಂಜಿನ್ ಚಾಸಿಗೆ ತಾಗಬಾರದು, ಬೆಸುಗೆ ಹಾಕಿದ ಜಾಗಕ್ಕೆ ಕುಗ್ಗುವ ಟ್ಯೂಬ್ ಹಾಕಿ.

ಹಾರ್ನ್ ಹೊಡೆದಾಗ ಮಾತ್ರ ಚರಚರ ಅನ್ನುತ್ತದೆಯೇ? ಸಿವಿ 63 ಒಟ್ಟು ಸದ್ದಿನ ಮಟ್ಟ, 0ಯಿಂದ 192ರವರೆಗೆ. ಅದನ್ನು 90ಕ್ಕೆ ಇಳಿಸಿ ಮತ್ತೆ ಹಾರ್ನ್ ಹೊಡೆಯಿರಿ. ಚರಚರ ಹೋದರೆ ಸ್ಪೀಕರ್‌ಗೆ ಮೀರಿದ ಸದ್ದು ಕೊಡುತ್ತಿದ್ದೀರಿ ಅಂತ ಅರ್ಥ. ಹೋಗದಿದ್ದರೆ ಬಾಡಿ ತೆಗೆದು ಹಾರ್ನ್ ಹೊಡೆಯಿರಿ. ಆಗ ನಿಂತರೆ ಬಾಡಿಯೋ ತಂತಿಯೋ ಪೊರೆಗೆ ತಾಗುತ್ತಿತ್ತು. ಆಗಲೂ ಉಳಿದರೆ ಭೂತಗನ್ನಡಿಯಲ್ಲಿ ಪೊರೆ ನೋಡಿ: ಅಯಸ್ಕಾಂತ ಎಳೆದುಕೊಂಡ ಕಬ್ಬಿಣದ ಪುಡಿ ಅಲ್ಲಿ ಕೂತಿರುತ್ತದೆ, ಟೇಪಿನ ಅಂಟು ಬದಿಯಿಂದ ಮೆಲ್ಲಗೆ ಎತ್ತಬಹುದು. ಸದ್ದೇ ಇಲ್ಲದಿದ್ದರೆ ಪವರ್ ತೆಗೆದು, ಸ್ಪೀಕರ್‌ನ ಒಂದು ತಂತಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್ ಸ್ಪೀಕರ್ 7ರ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಈಗ ಆ ತಕರಾರು. ಹಾರ್ನ್ ಒಂದರ ಸದ್ದನ್ನಷ್ಟೇ ಏರಿಸಿ ಇಳಿಸಲು ನೇರ ಸಿವಿ ಇಲ್ಲ. ಮೊದಲು ಸಿವಿ 31ಕ್ಕೆ 16, ಸಿವಿ 32ಕ್ಕೆ 1 ಬರೆದು ಪುಟ ಆರಿಸಿಕೊಂಡು, ಆಮೇಲೆ ಸಿವಿ 275ಕ್ಕೆ ಬೇಕಾದ ಬೆಲೆ ಕೊಡಬೇಕು. 128 ಅಂದರೆ ಪೂರ್ತಿ. ಹೆಚ್ಚಿನ ಸೌಂಡ್ ಫೈಲುಗಳಲ್ಲಿ ಹಾರ್ನ್ ಮೂರನೇ ಸ್ಲಾಟಿನಲ್ಲಿ, ಅಂದರೆ ಸದ್ದು ಕೂರುವ ಮೂರನೇ ಜಾಗದಲ್ಲಿ, ಇರುವುದರಿಂದ 275, ಆದರೆ ನಿಮ್ಮ ಫೈಲಿನ ಪಟ್ಟಿ ನೋಡಿಕೊಳ್ಳಿ. ಸಿವಿ 32ರಲ್ಲಿ ಬೇರೆ ಬೆಲೆ ಉಳಿದಿದ್ದರೆ ನೀವು ಬರೆದದ್ದು ಇನ್ನೊಂದು ಪುಟಕ್ಕೆ ಹೋಗಿ ಬಟನ್ ಹಂಚಿಕೆ ಎಕ್ಕುಟ್ಟಿ ಹೋಗುತ್ತದೆ. ಆಗ ಸಿವಿ 8ಕ್ಕೆ 8 ಬರೆದು ರೀಸೆಟ್ ಮಾಡಿ; ಸದ್ದುಗಳು ಅಳಿಯುವುದಿಲ್ಲ, ಆದರೆ ನೀವು ಬದಲಿಸಿದ ಸಿವಿಗಳೆಲ್ಲ ಮೊದಲಿನ ಬೆಲೆಗೆ ಮರಳುತ್ತವೆ, ಎಂಜಿನ್ ವಿಳಾಸವೂ 3 ಆಗುತ್ತದೆ. ಇಷ್ಟೆಲ್ಲ ಬೇಡ ಅನ್ನುವವರಿಗೆ ಜೆಎಂಆರ್‌ಐ ಅಥವಾ ಇಎಸ್‌ಯು ಕಂಪನಿಯದೇ ಪ್ರೋಗ್ರಾಮಿಂಗ್ ಸಾಧನ ಲೋಕ್‌ಪ್ರೋಗ್ರಾಮರ್ ಇದೆ. ಹಾರ್ನ್ ಮುಳುಗುತ್ತಿದ್ದರೆ ಅದನ್ನು ಏರಿಸುವ ಬದಲು ಮೊದಲ ಸ್ಲಾಟಿನ ಎಂಜಿನ್ ಸದ್ದನ್ನು ಇಳಿಸಿ ನೋಡಿ, ಅದು ಸಿವಿ 259. ಚಿಕ್ಕ ಸ್ಪೀಕರ್‌ಗೆ ಇದೇ ಒಳ್ಳೆಯ ದಾರಿ.

ಹಾರ್ನ್ ನಡುವೆ ಕಡಿದು, ಎಂಜಿನ್ ಮತ್ತೆ ಮೊದಲಿಂದ ಸ್ಟಾರ್ಟ್ ಆದರೆ ಕರೆಂಟ್ ತಪ್ಪುತ್ತಿದೆ. ಹಳಿಯ ಒಂದೇ ಜಾಗದಲ್ಲಿ ಹಾಗಾದರೆ ಅಲ್ಲಿನ ಜೋಡಣೆ ನೋಡಿ. ಎಲ್ಲೆಂದರಲ್ಲಿ ಆದರೆ ಗಾಲಿ: ಟಿಶ್ಯೂ ಕಾಗದವನ್ನು ಹಳಿಯ ಮೇಲೆ ಹಾಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒದ್ದೆ ಮಾಡಿ, ಎಂಜಿನ್‌ನ ಒಂದು ತುದಿಯ ಗಾಲಿಗಳನ್ನು ಅದರ ಮೇಲೆ, ಇನ್ನೊಂದು ತುದಿಯವನ್ನು ಬರಿ ಹಳಿಯ ಮೇಲೆ ಇಟ್ಟು, ಎಂಜಿನ್ ಹಿಡಿದುಕೊಂಡು ಓಡಿಸಿ. ಕಾಗದದಲ್ಲಿ ಕಪ್ಪು ಗೆರೆ ಮೂಡುವುದು ನಿಲ್ಲುವವರೆಗೂ ಮಾಡಿ. ಕರೆಂಟ್ ತಪ್ಪಿದಾಗ ಕ್ಷಣಕಾಲ ನಡೆಸುವ ಕೆಪಾಸಿಟರ್ ಪ್ಯಾಕ್ ಹಾಕುವುದು ಇದಾದ ಮೇಲಿನ ಮಾತು, ಕೊಳೆಗೆ ಅದು ಮದ್ದಲ್ಲ.

ಹಾರ್ನ್ ಕೂಗುತ್ತದೆ, ಎಂಜಿನ್ ಕದಲುವುದಿಲ್ಲ ಅಂದರೆ ಸಿವಿ 19 ನೋಡಿ. ಹಿಂದೆ ಯಾವಾಗಲೋ ಎರಡು ಎಂಜಿನ್ ಜೋಡಿಸಿದ ವಿಳಾಸ ಅಲ್ಲೇ ಉಳಿದಿರುತ್ತದೆ, 0 ಬರೆಯಿರಿ. ಜೋಡಿಸಿದಾಗ ಮುಂದಿನದು ಮಾತ್ರ ಕೂಗಬೇಕಿದ್ದರೆ ಅದರ ಸಿವಿ 21ರಲ್ಲಿ ಎಫ್2ರ ಪಾಲಾದ 2 ಸೇರಿಸಿ, ಹಿಂದಿನದರಲ್ಲಿ ತೆಗೆಯಿರಿ.

ಡಿಜಿಟಲ್ ಆಜ್ಞೆಯಿಲ್ಲದ ಮಾಮೂಲಿ ಡಿಸಿ ಕಂಟ್ರೋಲರ್‌ನಲ್ಲಿ ಓಡಿಸುವವರಿಗೆ ಹಾರ್ನ್ ಬಟನ್ನೇ ಇಲ್ಲ, ಹಾರ್ನ್‌ಗೋಸ್ಕರ ಈ ಡಿಕೋಡರ್ ಕೊಳ್ಳಬೇಡಿ. ಡಿಸಿಯಲ್ಲಿ ಅದು ತಾನಾಗಿಯೇ ಕೂಗತೊಡಗಿದರೆ ಸಿವಿ 13ರಲ್ಲಿ 2 ಸೇರಿಕೊಂಡಿದೆ, ಅದನ್ನು ಕಳೆಯಿರಿ.