ಹಾಲೋ ನೈಟ್: ನಕ್ಷೆಯನ್ನು ದುಡಿದು ಪಡೆಯುವ ಆಟ

ಮೊದಲು ಕಣ್ಣಿಗೆ ಬೀಳುವುದು ನೆಲದ ಮೇಲೆ ಚೆಲ್ಲಿದ ಕಾಗದಗಳು. ಆಮೇಲೆ ಯಾರೋ ತಮ್ಮ ಪಾಡಿಗೆ ತಾವು ಗುನುಗುವ ಸದ್ದು. ಕಾಗದಗಳ ಜಾಡು ಹಿಡಿದು, ಸದ್ದು ಜೋರಾಗುವ ಕಡೆಗೆ ನಡೆದರೆ, ಮೂಲೆಯೊಂದರಲ್ಲಿ ಉದ್ದ ಮೂತಿಯ ಹುಳುವೊಂದು ಕುಳಿತು ನಕ್ಷೆ ಬರೆಯುತ್ತಿರುತ್ತದೆ. ಅದರ ಹೆಸರು ಕಾರ್ನಿಫರ್. ಒಂದಿಷ್ಟು ಕಾಸು ಕೊಟ್ಟರೆ ಆ ಸೀಮೆಯ ನಕ್ಷೆ ಕೊಡುತ್ತದೆ. ಆ ನಕ್ಷೆಯೂ ಅರ್ಧಂಬರ್ಧ. ತಾನು ಕಾಲಿಟ್ಟಷ್ಟು ಜಾಗವನ್ನು ಮಾತ್ರ ಅದು ಬರೆದಿರುತ್ತದೆ. ಉಳಿದದ್ದನ್ನು ನಾವೇ ತುಂಬಬೇಕು.

ನಾನು ಗಂಗಾವತಿಯಲ್ಲಿ ಪರವಾನಗಿ ಭೂಮಾಪಕ. ಹದಿನೆಂಟು ವರ್ಷಗಳಿಂದ ಹದ್ದುಬಸ್ತು, ಪೋಡಿ, ಬಾಂದುಕಲ್ಲು ಎಂದು ಹೊಲಗಳಲ್ಲಿಯೇ ತಿರುಗಿದ್ದೇನೆ. ವಿಡಿಯೋ ಗೇಮ್ ನನ್ನ ಲೋಕವಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಕೊಪ್ಪಳದಿಂದ ಬಂದಿದ್ದ ಅಣ್ಣನ ಮಗ ನನ್ನ ಲ್ಯಾಪ್‌ಟಾಪಿನಲ್ಲಿ ‘ಹಾಲೋ ನೈಟ್’ ಹಾಕಿಕೊಟ್ಟು, “ಕಾಕಾ, ಇದರಲ್ಲಿ ದಾರಿ ತೋರಿಸುವ ಬಾಣವೇ ಇಲ್ಲ. ನನಗೆ ತಲೆ ಕೆಟ್ಟುಹೋಯಿತು, ನಿಮಗೆ ಹಿಡಿಸಬಹುದು” ಎಂದ. ಹಿಡಿಸಿತು. ಒಂದೂವರೆ ತಿಂಗಳು, ದಿನಾ ಊಟವಾದ ಮೇಲೆ ಒಂದೊಂದು ಗಂಟೆ ಕುಳಿತಿದ್ದೇನೆ. ಆಟದ ಮುಕ್ತಾಯವನ್ನು ಇನ್ನೂ ಕಂಡಿಲ್ಲ. ಆದರೆ ಇದು ಕೊಳ್ಳತಕ್ಕ ಆಟವೋ ಅಲ್ಲವೋ ಎಂದು ಹೇಳುವಷ್ಟು ನೆಲವನ್ನು ತುಳಿದಿದ್ದೇನೆ.

ಆಸ್ಟ್ರೇಲಿಯಾದ ಅಡಿಲೇಡ್ ನಗರದ ಟೀಮ್ ಚೆರ್ರಿ ಎಂಬ ಪುಟ್ಟ ತಂಡ ಮಾಡಿದ ಆಟವಿದು. 2014ರಲ್ಲಿ ಜನರಿಂದಲೇ 57 ಸಾವಿರ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು ಹಣ ಕೂಡಿಸಿ, 2017ರ ಫೆಬ್ರುವರಿ 24ರಂದು ಕಂಪ್ಯೂಟರಿಗೆ ಬಿಡುಗಡೆ ಮಾಡಿದರು. ಹ್ಯಾಲೋನೆಸ್ಟ್ ಎಂಬ ಪಾಳುಬಿದ್ದ ಹುಳುಗಳ ರಾಜ್ಯ. ನೆಲದಡಿಯಲ್ಲಿ ಅಂತಸ್ತಿನ ಕೆಳಗೆ ಅಂತಸ್ತು ಇಳಿಯುತ್ತ ಹೋಗುತ್ತದೆ. ಡರ್ಟ್‌ಮೌತ್ ಎಂಬ ಬಿಕೋ ಎನ್ನುವ ಊರು, ಅಲ್ಲೊಂದು ಬಾವಿ. ಆ ಬಾವಿಗೆ ಇಳಿದಿರೋ, ಮುಂದೆ ಯಾವ ಕಡೆ ಹೋಗಬೇಕೆಂದು ಹೇಳುವವರಿಲ್ಲ. ಹಳೆಯ ಲ್ಯಾಪ್‌ಟಾಪಿಗೂ ಭಾರವಾಗದ ಆಟ ಇದು. 4 ಜಿಬಿ ರ‍್ಯಾಮ್, 9 ಜಿಬಿ ಜಾಗ ಇದ್ದರೆ ಸಾಕು. ನಕ್ಷೆ ಬರೆಯಲೆಂದು ಕೊಂಡ ನನ್ನ ಯಂತ್ರದಲ್ಲಿ ಒಮ್ಮೆಯೂ ತಡವರಿಸಲಿಲ್ಲ. ಕೀಬೋರ್ಡಿನಲ್ಲಿ ಆಡಿದರೆ ಬೆರಳು ನೋಯುತ್ತವೆ, ಕಂಟ್ರೋಲರ್ ತೆಗೆದುಕೊಳ್ಳಿ.

ಇನ್ನು ನಕ್ಷೆಯ ಮಾತು. ನಾನು ಈ ಆಟಕ್ಕೆ ಸೋತದ್ದು ಇಲ್ಲಿಯೇ.

ಕಾರ್ನಿಫರ್ ಕೊಟ್ಟ ನಕ್ಷೆ ಕೈಯಲ್ಲಿದ್ದರೂ ನೀವು ಹೊಸದಾಗಿ ಕಂಡ ಕೋಣೆ ಅದರಲ್ಲಿ ತಾನಾಗಿ ಮೂಡುವುದಿಲ್ಲ. ಅದಕ್ಕೆ ಗರಿಲೇಖನಿ ಬೇಕು. ಊರಿನಲ್ಲಿ ಕಾರ್ನಿಫರನ ಹೆಂಡತಿ ಇಸೆಲ್ಡಾ ಅಂಗಡಿ ಇಟ್ಟಿದ್ದಾಳೆ, ಅಲ್ಲಿ 120 ಜಿಯೋ ಕೊಟ್ಟು ಕೊಳ್ಳಬೇಕು. ಜಿಯೋ ಎಂದರೆ ಆ ರಾಜ್ಯದ ನಾಣ್ಯ. ಲೇಖನಿ ಇದ್ದರೂ ನಡೆಯುತ್ತ ನಡೆಯುತ್ತ ಬರೆಯಲು ಬರುವುದಿಲ್ಲ. ಎಲ್ಲೋ ದೂರದಲ್ಲಿ ಒಂದು ಬೆಂಚು ಸಿಗುತ್ತದೆ. ಅದರ ಮೇಲೆ ಕುಳಿತಾಗ ಮಾತ್ರ ನಮ್ಮ ಪುಟ್ಟ ಯೋಧ ಹಾಳೆ ಬಿಚ್ಚಿ, ಅಂದು ಕಂಡದ್ದನ್ನೆಲ್ಲ ಗೀಚಿಕೊಳ್ಳುತ್ತಾನೆ. ಇಷ್ಟಾದರೂ ನಕ್ಷೆಯಲ್ಲಿ ‘ನೀವು ಇಲ್ಲಿದ್ದೀರಿ’ ಎಂಬ ಗುರುತು ಇರುವುದಿಲ್ಲ. ಅದು ಬೇಕಿದ್ದರೆ 220 ಜಿಯೋ ಕೊಟ್ಟು ದಿಕ್ಸೂಚಿ ಕೊಳ್ಳಬೇಕು. ಕೊಂಡ ಮೇಲೂ ಶಕ್ತಿ ಕೊಡುವ ತಾಯಿತಗಳಿಗೆಂದು ಮೊದಲಿಗೆ ಇರುವ ಮೂರು ಗೂಡುಗಳಲ್ಲಿ ಒಂದನ್ನು ಅದಕ್ಕೆ ಬಿಟ್ಟುಕೊಡಬೇಕು.

ನಾನು ಕೆಲಸ ಕಲಿತ ಗುರುಗಳು ನನಗೆ ಕಲಿಸಿದ ಕ್ರಮ ಇದೇ. ಹಗಲು 33 ಅಡಿಯ ಸರಪಳಿ ಹಿಡಿದು ಹೊಲದ ಅಂಚು ನಡೆಯುವುದು, ಅಳತೆಯನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುವುದು. ಸಂಜೆ ಯಾವುದಾದರೂ ಕಟ್ಟೆಯ ಮೇಲೆ ಕುಳಿತು, ಆ ಅಂಕಿಗಳಿಂದ ಹೊಲದ ಆಕಾರವನ್ನು ಎಬ್ಬಿಸುವುದು. ಗೆರೆ ಕೂಡದಿದ್ದರೆ ಮರುದಿನ ಮತ್ತೆ ಹೋಗುವುದು. ಬೆಂಚಿನ ಮೇಲೆ ಕುಳಿತ ಆ ಯೋಧನ ಲೇಖನಿಯ ಸರಸರ ಸದ್ದು ಮೊದಲ ಸಲ ಕೇಳಿದಾಗ, ಹುಲಗಿಯ ಬಳಿ ಬೇವಿನ ಮರದ ಕಟ್ಟೆಯ ಮೇಲೆ ಲಾಟೀನು ಇಟ್ಟುಕೊಂಡು ಬರೆದ ಸಂಜೆಗಳು ಕಣ್ಣ ಮುಂದೆ ಬಂದವು. ಈಗ ಉಪಗ್ರಹದ ಯಂತ್ರ ಬಂದಿದೆ, ಕೆಲಸ ಬೇಗ ಮುಗಿಯುತ್ತದೆ, ಅಳತೆಯೂ ನಿಖರ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಕನಕಗಿರಿ ಕಡೆಯ ಹಳ್ಳಿಗಳಿಗೆ ಮೊದಲು ದಾರಿ ಕೇಳುತ್ತ ಹೋಗುತ್ತಿದ್ದೆನಲ್ಲ, ಆ ದಾರಿಗಳು ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ. ಎಲ್ಲಿ ಹಳ್ಳ, ಎಲ್ಲಿ ಜಾಲಿ, ಯಾವ ಗುಡಿಯ ಹಿಂದೆ ಬಂಡಿದಾರಿ ಒಡೆಯುತ್ತದೆ ಎಂದು ಹೇಳಬಲ್ಲೆ. ಈ ನಾಲ್ಕೈದು ವರ್ಷಗಳಲ್ಲಿ ಮೊಬೈಲ್ ಹೇಳಿದಂತೆ ಹೋದ ಊರುಗಳ ದಾರಿ ನೆನಪಿಲ್ಲ. ಬಾಣ ಇರುವ ಆಟಗಳನ್ನು ಆಮೇಲೆ ಒಂದೆರಡು ಆಡಿ ನೋಡಿದೆ. ಕಣ್ಣು ಬಾಣದ ಮೇಲೆಯೇ ಇರುತ್ತದೆ, ಊರು ಪಕ್ಕದಲ್ಲಿ ಹಾದುಹೋಗುತ್ತದೆ.

ದಾರಿ ತಪ್ಪುವುದು ಎಂದರೆ ಏನೆಂದು ಹೇಳಬೇಕಾದರೆ ಡೀಪ್‌ನೆಸ್ಟ್ ಎಂಬ ಕತ್ತಲ ಸೀಮೆಯ ಬಗ್ಗೆ ಹೇಳಬೇಕು. ಕತ್ತಲ ಜಾಗಗಳಿಗೆ ಬೇಕಾದ ಲಾಟೀನಿಗೆ ಅಂಗಡಿಯಲ್ಲಿ 1800 ಜಿಯೋ. ನಾನು ಕಷ್ಟಪಟ್ಟು 1400 ಕೂಡಿಸಿದ್ದೆ. ಅಣಬೆಗಳ ಸೀಮೆಯಲ್ಲಿ ಕಾಲ ಕೆಳಗಿನ ನೆಲ ಒಡೆದು ಬಿದ್ದೆ. ಬಿದ್ದ ಜಾಗದಲ್ಲಿ ಬೆಳಕಿಲ್ಲ, ನಕ್ಷೆಯಿಲ್ಲ, ಸಂಗೀತವೂ ಹೆಚ್ಚುಕಡಿಮೆ ಇಲ್ಲ. ಗೋಡೆಯೊಳಗೆ ಏನೋ ಸರಿದಾಡುವ ಸದ್ದು ಮಾತ್ರ. ಕಿರಿದಾದ ಸುರಂಗದಲ್ಲಿ ಮುಂದೆ ಹೋದರೆ ನೆಲದೊಳಗಿನಿಂದ ಹುಳುಗಳು ಬಾಯಿ ತೆರೆದು ಏಳುತ್ತವೆ. ಬಿಸಿನೀರಿನ ಬುಗ್ಗೆಯ ಬಳಿ ಬೆಂಚೊಂದು ಸಿಕ್ಕಿತು. ಬದುಕಿದೆ ಎಂದುಕೊಂಡು ಕುಳಿತೆ. ಆಗಲೇ ಸಿಕ್ಕಿಬಿದ್ದದ್ದು. ಈ ಆಟದಲ್ಲಿ ಸತ್ತರೆ ಕೊನೆಯ ಬಾರಿ ಕುಳಿತ ಬೆಂಚಿನಿಂದಲೇ ಏಳಬೇಕು. ಇನ್ನು ಊರಿಗೆ ಮರಳಬೇಕಾದರೆ ಈ ಪಾತಾಳದಿಂದ ಹತ್ತಿ ಹೋಗುವುದೊಂದೇ ದಾರಿ.

ಮೂರು ರಾತ್ರಿ ಹತ್ತಿದೆ. ಸತ್ತ ಜಾಗದಲ್ಲಿ ನಮ್ಮದೇ ಕರಿನೆರಳು ಹಣ ಕಾಯುತ್ತ ನಿಂತಿರುತ್ತದೆ, ಅದನ್ನು ಸೋಲಿಸಿದರೆ ಹಣ ವಾಪಸು. ಸೋಲಿಸುವ ಮೊದಲೇ ಇನ್ನೊಮ್ಮೆ ಸತ್ತರೆ ಅಷ್ಟೂ ಹೋಯಿತು. ನನ್ನ 1400 ಎರಡನೆಯ ರಾತ್ರಿ ಹೋಯಿತು. ಅಂದು ಆಟ ಬಂದ್ ಮಾಡಿ, ಮೇಜಿನ ಖಾನೆಯಿಂದ ಗ್ರಾಫ್ ಹಾಳೆ ತೆಗೆದೆ. ಬೆಂಚಿನಿಂದ ಎಡಕ್ಕೆ ಎಷ್ಟು ಕೋಣೆ, ಮೇಲಕ್ಕೆ ಎಷ್ಟು, ಎಲ್ಲಿ ಜೇಡರಬಲೆ ದಟ್ಟವಾಗಿದೆ, ಎಲ್ಲಿ ನೀರು ತೊಟ್ಟಿಕ್ಕುತ್ತದೆ ಎಂದು ನೆನಪಿನಿಂದ ಇಳಿಸಿದೆ. ಹಾಳೆಯಲ್ಲಿ ಒಂದು ಖಾಲಿ ಉಳಿಯಿತು. ಸುತ್ತಲೂ ಕೋಣೆಗಳಿವೆ, ನಡುವೆ ಒಂದು ಚೌಕದಷ್ಟು ಜಾಗಕ್ಕೆ ಲೆಕ್ಕವಿಲ್ಲ. ಹೊಲದಲ್ಲಾದರೆ ಅಂಥ ಜಾಗವನ್ನು ನಾವು ಬಿಡುವುದಿಲ್ಲ, ಅಲ್ಲಿ ಯಾರದೋ ಗುಂಟೆ ಅಡಗಿರುತ್ತದೆ. ಮೂರನೆಯ ರಾತ್ರಿ ನೇರ ಅಲ್ಲಿಗೆ ಹೋಗಿ ಗೋಡೆಯನ್ನು ಕುಟ್ಟಿದೆ. ಒಡೆಯಿತು. ಅದರಾಚೆ ಮೇಲಕ್ಕೆ ಹೋಗುವ ಕಂಡಿ ಇತ್ತು. ನಡುರಾತ್ರಿಯಲ್ಲಿ ನಾನು ಕುರ್ಚಿಯಿಂದ ಎದ್ದು ನಿಂತದ್ದನ್ನು ನೋಡಿ ಮನೆಯವರು ಗಾಬರಿಯಾದರು.

ನಮ್ಮ ಸೀಮೆಯವರಿಗೆ ಈ ಅನುಭವ ತೀರ ಹೊಸದೇನಲ್ಲ. ಗಂಗಾವತಿಗೆ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದವರಿಗೆ ಗೊತ್ತು. ಮೋರ್ಯರ ಮನೆಗಳೆಂದು ಜನ ಕರೆಯುವ ಕಬ್ಬಿಣಯುಗದ ಕಲ್ಲುಮನೆಗಳು ಅಲ್ಲಿ ನೂರಾರು. ಬಂಡೆಗಳ ನಡುವೆ ದಾರಿ ಕವಲೊಡೆದು, ಕವಲು ಮತ್ತೆ ಕವಲೊಡೆದು, ಎರಡು ಸಲ ನಾನು ಅಲ್ಲಿ ತಪ್ಪಿಸಿಕೊಂಡಿದ್ದೇನೆ. ದೊಡ್ಡ ಬಂಡೆಯ ನೆತ್ತಿಯ ಮೇಲೆ ಕಲ್ಲಿನ ನಗಾರಿಯೊಂದಿದೆ. ಅದನ್ನು ಬಡಿದರೆ ಸದ್ದು ದೂರ ದೂರಕ್ಕೆ ಕೇಳುತ್ತದೆ. ಒಮ್ಮೆ ಜೊತೆಗಾರ ಅದನ್ನು ಬಡಿದ ಸದ್ದು ಹಿಡಿದೇ ನಾನು ದಾರಿಗೆ ಬಂದದ್ದು. ಕಾರ್ನಿಫರನ ಗುನುಗು ಕೇಳಿ ಕತ್ತಲಲ್ಲಿ ತಿರುಗುವಾಗಲೆಲ್ಲ ಆ ನಗಾರಿಯ ನೆನಪಾಗುತ್ತದೆ. ಬಾಣ ಹಾಕುವ ಬದಲು ಸದ್ದು ಇಟ್ಟರಲ್ಲ, ಅವರ ಜಾಣತನ ಅದು. ಸದ್ದು ದಿಕ್ಕನ್ನು ಮಾತ್ರ ಹೇಳುತ್ತದೆ, ದಾರಿಯನ್ನು ನಾವೇ ಹುಡುಕಬೇಕು.

ಇದಕ್ಕೆ ಹಿಂದಿನ ವಂಶಾವಳಿಯೂ ಇದೆ. ಇಂಥ ಆಟಗಳಿಗೆ ‘ಅಡ್ವೆಂಚರ್’ ಎಂಬ ಹೆಸರು ಬಂದದ್ದೇ 1970ರ ದಶಕದ ನಡುವೆ ಅಮೆರಿಕದ ವಿಲ್ ಕ್ರೌಥರ್ ಬರೆದ ಆಟದಿಂದ. ಆತ ಕಂಪ್ಯೂಟರ್ ಪರಿಣತ, ಜೊತೆಗೆ ಗುಹೆಗಳನ್ನು ಅಳೆಯುವ ಹವ್ಯಾಸಿ. ಕೆಂಟಕಿಯ ಮ್ಯಾಮತ್ ಗುಹೆಯನ್ನು ಹೆಂಡತಿಯ ಜೊತೆ ಸುತ್ತಿ ಅದರ ನಕ್ಷೆ ಮಾಡಿದವನು. ಆ ಗುಹೆಯನ್ನೇ ಬರೀ ಅಕ್ಷರಗಳ ಆಟವಾಗಿಸಿದ. 1977ರಲ್ಲಿ ಡಾನ್ ವುಡ್ಸ್ ಅದನ್ನು ಬೆಳೆಸಿದ. ಅದರಲ್ಲೊಂದು ಚಕ್ರವ್ಯೂಹ, ಎಲ್ಲ ಕೋಣೆಗಳೂ ಒಂದೇ ಥರ. ಆಡುವವರು ಕೈಯಲ್ಲಿದ್ದ ಒಂದೊಂದು ವಸ್ತುವನ್ನು ಒಂದೊಂದು ಕೋಣೆಯಲ್ಲಿ ಬಿಟ್ಟು ಗುರುತು ಹಿಡಿಯುತ್ತಿದ್ದರು. ನಾವು ಗೂಟ ನೆಟ್ಟಂತೆ. ಈ ಆಟಗಳ ಮೂಲಪುರುಷ ಅಳತೆಗಾರ ಎಂದು ತಿಳಿದ ದಿನ ನನಗೆ ಬಹಳ ಸಂತೋಷವಾಯಿತು.

ತಕರಾರುಗಳನ್ನೂ ಹೇಳಬೇಕು. ದಿಕ್ಸೂಚಿಗೆ ಬೆಲೆ ಇಟ್ಟದ್ದನ್ನು ಒಪ್ಪುತ್ತೇನೆ, ನಿಂತ ಜಾಗವನ್ನು ತಿಳಿಯುವುದು ದೊಡ್ಡ ವಿದ್ಯೆಯೇ. ಆದರೆ ಬೆಂಚಿಗೆ ಒಂದು ಗುರುತು, ಸವಾರಿಯ ನಿಲ್ದಾಣಕ್ಕೆ ಇನ್ನೊಂದು, ಅಂಗಡಿಗೆ ಮತ್ತೊಂದು ಎಂದು ಒಂದೊಂದನ್ನೂ ಬೇರೆ ಬೇರೆ ಮಾರುವುದು ಅತಿಯಾಯಿತು. ನಕ್ಷೆಯ ಮೇಲೆ ನಮ್ಮದೇ ಗುರುತು ಚುಚ್ಚಬಹುದು, ಎರಡಕ್ಷರ ಬರೆಯಲು ಮಾತ್ರ ಬಾರದು. ‘ಇಲ್ಲಿ ಎತ್ತರ ಸಾಲದು, ರೆಕ್ಕೆ ಸಿಕ್ಕ ಮೇಲೆ ಬಾ’ ಎಂದು ಬರೆದಿಡುವ ಅನುಕೂಲ ಇದ್ದಿದ್ದರೆ ನನ್ನ ಗ್ರಾಫ್ ಹಾಳೆಗಳು ಉಳಿಯುತ್ತಿದ್ದವು. ದೊಡ್ಡ ಕಾಳಗದಲ್ಲಿ ಸೋತಾಗ ಬೆಂಚಿನಿಂದ ಅದೇ ದಾರಿಯನ್ನು ಹತ್ತು ಸಲ ತುಳಿಯುವುದು ದಾರಿ ಹುಡುಕಾಟವಲ್ಲ, ಬರೀ ನಡಿಗೆ. ಭಾಷೆಯದು ಇನ್ನೊಂದು ಕೊರತೆ. ಜಪಾನಿ, ಕೊರಿಯನ್, ರಷ್ಯನ್ ಭಾಷೆಗಳಲ್ಲಿ ಆಡಬಹುದು, ಭಾರತದ ಒಂದು ಭಾಷೆಯಲ್ಲೂ ಇಲ್ಲ. ಇಂಗ್ಲಿಷೂ ಹಳೆಯ ಕಾಲದ, ಒಗಟಿನಂಥ ಇಂಗ್ಲಿಷು. ಕನ್ನಡ ಮಾಧ್ಯಮದ ಹುಡುಗನಿಗೆ ದಾರಿ ತಪ್ಪುವುದರ ಜೊತೆಗೆ ಮಾತೂ ತಪ್ಪುತ್ತದೆ. ಮುಂದಿನ ಆಟ ‘ಸಿಲ್ಕ್‌ಸಾಂಗ್’ 2025ರ ಸೆಪ್ಟೆಂಬರ್ 4ರಂದು ಬಂದಿದೆ. ಇದು ಮುಗಿಯದೆ ನಾನು ಅದನ್ನು ಮುಟ್ಟುವುದಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಯೂಟ್ಯೂಬಿನಲ್ಲಿ ದಾರಿ ನೋಡಿ ಆಡುವುದಾದರೆ ಈ ಆಟಕ್ಕೆ ಹಣ ಹಾಕಬೇಡಿ. ಹಾಗಾಗಿ ಮುಂದೆ ಹೇಳುವುದನ್ನು ಸ್ವತಃ ಹುಡುಕುವ ಮನಸ್ಸಿರುವವರು ಇಲ್ಲಿಗೇ ಓದು ನಿಲ್ಲಿಸಿದರೂ ನಡೆದೀತು.

ರಾಜ್ಯದ ನಡುವೆ ಕಣ್ಣೀರಿನ ನಗರವಿದೆ. ನೀಲಿ ಗೋಪುರಗಳು, ಎತ್ತರದ ಗಾಜಿನ ಕಿಟಕಿಗಳು, ಮತ್ತು ಎಂದೂ ನಿಲ್ಲದ ಮಳೆ. ಕ್ರಿಸ್ಟೋಫರ್ ಲಾರ್ಕಿನ್ ಕೊಟ್ಟ ಸಂಗೀತ ಅಲ್ಲಿ ಎಷ್ಟು ಮೆಲುವಾಗಿದೆಯೆಂದರೆ ನಾನು ಒಂದು ರಾತ್ರಿ ಏನೂ ಮಾಡದೆ ಕಿಟಕಿಯ ಬಳಿ ಯೋಧನನ್ನು ನಿಲ್ಲಿಸಿ ಸುಮ್ಮನೆ ಕುಳಿತಿದ್ದೆ. ಆದರೆ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ಇದು ನೆಲದಡಿಯ ಊರು, ಮೇಲೆ ಆಕಾಶವಿಲ್ಲ. ಮಳೆ ಎಲ್ಲಿಯದು?

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸವಳು-ಜವಳಾದ ಹೊಲಗಳನ್ನು ನಾನು ಸಾಕಷ್ಟು ಅಳೆದಿದ್ದೇನೆ. ಮಳೆಯಿಲ್ಲದ ತಿಂಗಳಲ್ಲಿ ಹೊಲ ಒದ್ದೆಯಿದ್ದರೆ ನಾವು ಮೊದಲು ನೋಡುವುದು ಮೇಲ್ಭಾಗದಲ್ಲಿ ಏನಿದೆ ಎಂದು. ನಕ್ಷೆ ಬಿಚ್ಚಿದೆ. ನಗರದ ನೇರ ಮೇಲೆ, ಇನ್ನೂ ಬಣ್ಣ ತುಂಬದ ಜಾಗ. ಅಲ್ಲಿಗೆ ದಾರಿ ಹುಡುಕಲು ಎಂಟು ದಿನ ಹಿಡಿಯಿತು. ಕೊನೆಗೊಂದು ರಾತ್ರಿ ಸಮಾಧಿಗಳ ಸೀಮೆಯಿಂದ ಆಚೆಗೆ ಹೋದಾಗ ಇಕ್ಕಟ್ಟು ಗುಹೆ ಏಕಾಏಕಿ ಬಿಚ್ಚಿಕೊಂಡಿತು. ಎದುರಿಗೆ ಅಲುಗದ ನೀಲಿ ನೀರು, ಕಣ್ಣು ಹಾಯುವಷ್ಟು ದೂರ. ಕೆರೆ. ಅದರ ತಳದಿಂದ ಬಸಿದ ನೀರೇ ಕೆಳಗೆ ಆ ನಗರದ ಮೇಲೆ ಮಳೆಯಾಗಿ ಬೀಳುತ್ತಿದೆ. ಅಲ್ಲಿ ಶತ್ರುವಿಲ್ಲ, ಸಂಭ್ರಮದ ತುತ್ತೂರಿಯಿಲ್ಲ, ‘ನೀವು ಕಂಡುಹಿಡಿದಿರಿ’ ಎಂಬ ಫಲಕವಿಲ್ಲ.

ನನ್ನ ಗ್ರಾಫ್ ಹಾಳೆಯಲ್ಲಿ ನಗರದ ಮೇಲೆ ನೀಲಿ ಪೆನ್ನಿನಿಂದ ‘ಕೆರೆ’ ಎಂದು ಬರೆದು, ಕೆಳಗೆ ಬಸಿನೀರಿನ ಮೂರು ಸಣ್ಣ ಗೆರೆ ಎಳೆದೆ. ಹೊಲದ ನಕ್ಷೆಯಲ್ಲಿ ನಾನು ಎಳೆಯುವುದೂ ಹಾಗೆಯೇ.