ದಾವಾವೊದ ‘ನಾಯ್’ ಅಂಗಡಿ: ಮೀನಿಗೆ ಮೂರು ಸ್ಟಾರ್, ಮಕ್ಕಳಿಗೆ ಐದು

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ‘ನಾಯ್’ ಅಂದರೆ ಅಮ್ಮ. ದಾವಾವೊ ಇರುವುದು ಫಿಲಿಪೀನ್ಸಿನಲ್ಲಿ; ಅಲ್ಲಿ ಅಮ್ಮನಿಗೆ ‘ನಾನಾಯ್’ ಅನ್ನುತ್ತಾರೆ, ಕೂಗುವಾಗ ಅದು ‘ನಾಯ್’ ಆಗುತ್ತದೆ. ಮೆಡಿಕಲ್ ಓದಲು ಬಂದ ಹೊಸದರಲ್ಲಿ, ನಮ್ಮಮ್ಮ ವಿಡಿಯೊ ಕಾಲಿನಲ್ಲಿ ಇದ್ದಾಗಲೇ ನಾನು ‘ನಾಯ್, ಹಾಫ್ ರೈಸ್!’ ಎಂದು ಕೂಗಿದೆ. ‘ಅನ್ನ ಹಾಕೋ ಹೆಂಗಸನ್ನ ಹಾಗಾ ಕರೆಯೋದು?’ ಎಂದು ಆ ಕಡೆಯಿಂದ ಬೈಗುಳ ಶುರು.

ಅಂಗಡಿಗೆ ಹೆಸರಿಲ್ಲ. ಬೋರ್ಡಿನ ತುಂಬ ಯಾವುದೋ ತಂಪು ಪಾನೀಯದ ಜಾಹೀರಾತು, ಬಿಸಿಲಿಗೆ ಬಣ್ಣ ಹೋಗಿದೆ. ಇಂಥ ಊಟದಂಗಡಿಗಳನ್ನು ಕಾರಿಂದೇರಿಯಾ ಅನ್ನುತ್ತಾರೆ. ಎದುರಿಗೆ ಪಾತ್ರೆಗಳ ಸಾಲು. ಮುಚ್ಚಳ ಎತ್ತಿ ನೋಡಿ, ಬೇಕಾದ್ದಕ್ಕೆ ಬೆರಳು ತೋರಿಸಿದರಾಯಿತು. ತರಕಾರಿ 35 ಪೆಸೊ, ಮಾಂಸ 65, ಅನ್ನ 12. ಸಾರು ಬಿಟ್ಟಿ. ತೊಳೆಯುವ ನೀರು ಉಳಿಯಲೆಂದು ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಕೊಡುತ್ತಾರೆ. ನನಗೆ ಅದು ಇವತ್ತಿಗೂ ಸರಿಹೋಗಿಲ್ಲ.

ಶುಕ್ರವಾರ ಮಾತ್ರ ತಪ್ಪಿಸಬೇಡಿ. ಕ್ಯಾಥೊಲಿಕ್ಕರು ಶುಕ್ರವಾರ ಮಾಂಸ ಬಿಡುತ್ತಿದ್ದ ರೂಢಿಯಿಂದ ಅವತ್ತು ಮುಂಗೊ ಮಾಡುತ್ತಾರೆ, ಅಂದರೆ ನಮ್ಮ ಹೆಸರುಕಾಳು. ಅದಕ್ಕೆ ‘ಮಲುಂಗಾಯ್’ ಸೊಪ್ಪು. ಬಾಯಿಗಿಟ್ಟ ಮೇಲೆ ಗೊತ್ತಾಯಿತು, ನುಗ್ಗೆಸೊಪ್ಪು! ಸಸ್ಯಾಹಾರಿಗಳು ಹಿಗ್ಗಬೇಕಾಗಿಲ್ಲ, ಅದರೊಳಗೆ ಒಣಮೀನು ಇರುತ್ತದೆ. ಕರಿದ ಮೀನು ಸಾಧಾರಣ. ಎಣ್ಣೆ ಬೆಳಗಿನದೇ ಸಂಜೆಗೂ.

ಆದರೂ ನಾಲ್ಕು ವರ್ಷ ಅಲ್ಲೇ ಉಂಡೆ. ಕಾರಣ ಆ ಮನೆಯ ಮಕ್ಕಳು.

ಹುಡುಗನಿಗೆ ಹತ್ತು ವರ್ಷವಿರಬಹುದು. ಶಾಲೆಯಿಂದ ಬಂದವನೇ ಅಜ್ಜಿಯ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಳ್ಳುತ್ತಾನೆ. ಹಿರಿಯರಿಗೆ ಮಾಡುವ ಈ ನಮಸ್ಕಾರ ಮನೀಲಾ ಕಡೆ ‘ಮಾನೊ’, ಇಲ್ಲಿ ‘ಆಮಿನ್’. ಆಮೇಲೆ ಬ್ಯಾಗ್ ಇಟ್ಟು ಲೆಕ್ಕಕ್ಕೆ ಕೂರುತ್ತಾನೆ. ನೀವು ಏನು ತಿಂದಿರಿ ಎಂದು ಅವನು ನೋಡಿರುವುದಿಲ್ಲ, ನೀವು ಹೇಳಿದ್ದೇ ಬಿಲ್ಲು. ತಿಂಗಳ ಕೊನೆಯಲ್ಲಿ ‘ಲಿಸ್ತಾ’ ಅಂದರೆ ಸಾಕು, ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ದುಡ್ಡು ಯಾವಾಗ ಕೊಡ್ತೀರಿ ಎಂದು ಅವರಾಗಿ ಕೇಳಿದ್ದನ್ನು ನಾನು ಕಂಡಿಲ್ಲ.

ನಮ್ಮಲ್ಲಿ ‘ಊಟ ಆಯ್ತಾ’ ಇದ್ದ ಹಾಗೆ ಇಲ್ಲಿ ‘ನಿಕಾಓನ್ ನಾ ಕಾ?’. ಉಣ್ಣುವಾಗ ಯಾರಾದರೂ ಎದುರಾದರೆ ‘ಕಾಓನ್ ತಾ’, ಬನ್ನಿ ಉಣ್ಣೋಣ ಅನ್ನಲೇಬೇಕು. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಮಂದಿ ಉಣ್ಣುತ್ತಿದ್ದಾಗ ನಾನು ಹೋದೆ. ‘ಕಾಓನ್ ತಾ!’ ಅಂದ ಹುಡುಗ. ಕೂತೇಬಿಟ್ಟೆ. ಮೀನು ಎರಡೇ ಇತ್ತು. ಒಂದು ಪೂರ್ತಿ ನನ್ನ ತಟ್ಟೆಗೆ ಬಂತು, ಇನ್ನೊಂದು ನಾಲ್ಕು ಪಾಲಾಯಿತು. ನಾನು ಚಪ್ಪರಿಸಿ ತಿಂದೆ. ಒಬ್ಬರ ಮುಖವೂ ಸಣ್ಣಗಾಗಲಿಲ್ಲ, ಹುಡುಗನದು ಸೇರಿ. ಮೊದಲ ಸಲ ಕರೆದಾಗ ‘ಬುಸೋಗ್ ಪಾ ಕೊ’, ಹೊಟ್ಟೆ ಇನ್ನೂ ತುಂಬಿದೆ ಅನ್ನಬೇಕಿತ್ತಂತೆ. ಅದನ್ನು ಅವರು ಹೇಳಲಿಲ್ಲ, ತಿಂಗಳಾದ ಮೇಲೆ ಕ್ಲಾಸಿನ ಗೆಳತಿ ಹೇಳಿದಳು.

ಆಮೇಲೆ ಸೈಕಿಯಾಟ್ರಿ ಪಾಠದಲ್ಲಿ ವಿರ್ಗಿಲಿಯೊ ಎನ್ರಿಕೆಸ್ ಹೆಸರು ಬಂತು. 1970ರ ದಶಕದಲ್ಲಿ ಫಿಲಿಪಿನೊ ಮನಶ್ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು. ಇಲ್ಲಿಯವರ ನಾಚಿಕೆ, ಹೊಂದಾಣಿಕೆ, ಋಣ ಎಲ್ಲದರ ಬುಡದಲ್ಲಿ ‘ಕಾಪ್ವಾ’ ಇದೆ, ಎದುರಿನವನನ್ನೂ ‘ನಾನು’ ಅನ್ನುವುದರೊಳಗೆ ಸೇರಿಸಿಕೊಳ್ಳುವುದು, ಅನ್ನುತ್ತಾರೆ. ನನಗೆ ಆ ಮೀನು ನೆನಪಾಗಿ ಕಿವಿ ಬಿಸಿಯಾಯಿತು.

ಹೀಗೆ ಎದುರಿನವರಿಗೆ ಮುಜುಗರ ಮಾಡದಿರುವುದರ ಇನ್ನೊಂದು ಮುಖ ಗಿರಾಕಿಗೆ ತಾಪತ್ರಯ. ಮೀನು ತಾಜಾನಾ ಎಂದು ಕೇಳಿದರೆ ‘ಅಲ್ಲ’ ಅನ್ನುವುದಿಲ್ಲ. ‘ಕೋಳಿ ಚೆನ್ನಾಗಿದೆ’ ಅನ್ನುತ್ತಾರೆ. ಅದೇ ಉತ್ತರ. ಇದು ತಿಳಿಯುವಷ್ಟರಲ್ಲಿ ನನ್ನ ಹೊಟ್ಟೆ ಎರಡು ಸಲ ಕೆಟ್ಟಿತ್ತು.

ನನಗೆ ಒಪ್ಪಿಗೆಯಾಗದ್ದು ಒಂದಿದೆ. ದೊಡ್ಡ ಮಗಳು ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದಾಳೆ. ಕ್ರಿಸ್‌ಮಸ್ಸಿಗೆ ಅವಳ ಬಾಲಿಕ್‌ಬಾಯಾನ್ ಪೆಟ್ಟಿಗೆ, ಅಂದರೆ ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಸಾಮಾನಿನ ಪೆಟ್ಟಿಗೆ, ಹಡಗಿನಲ್ಲಿ ಬರುತ್ತದೆ: ಸೋಪು, ಡಬ್ಬಿ ಮಾಂಸ, ಚಾಕೊಲೇಟು, ಹುಡುಗನಿಗೆ ಒಂದು ಸೈಜು ದೊಡ್ಡ ಶೂ. ಅದರಿಂದ ನಾಯ್ ನನಗೂ ಎರಡು ಸೋಪು ಕೊಟ್ಟರು. ತಮ್ಮ, ತಂಗಿಯರ ಫೀಸೂ ಅವಳದೇ. ಚಿಕ್ಕವನ ಓದು ಮುಗಿಯುವ ತನಕ ಅವಳಿಗೆ ಮದುವೆಯ ಮಾತಿಲ್ಲ. ಎರಡನೆಯವಳಿಗೆ ಹದಿನೈದು; ಉದ್ರಿ ಪುಸ್ತಕದ ಹಿಂದಿನ ಹಾಳೆಗಳಲ್ಲೆಲ್ಲ ಅವಳ ಚಿತ್ರಗಳು. ಅವಳು ಓದಲಿರುವುದು ಮಾತ್ರ ನರ್ಸಿಂಗ್. ‘ಉತಾಂಗ್ ನಾ ಲೊಓಬ್’, ಒಳಗಿನ ಸಾಲ, ಅಕ್ಕನಿಗೆ ತೀರಿಸಬೇಕಲ್ಲ ಅನ್ನುತ್ತಾಳೆ. ಈ ಸಾಲಕ್ಕೆ ಲಿಸ್ತಾ ಪುಸ್ತಕವೂ ಇಲ್ಲ, ಕೊನೆಯ ಕಂತೂ ಇಲ್ಲ. ಚಿತ್ರಕಲೆ ಬಿಡಬೇಡ ಎಂದೆ. ನಕ್ಕು, ಟೇಬಲ್ ಒರೆಸಿ, ಸಾರು ಬೇಕಾ ಎಂದು ಕೇಳಿದಳು.

ಹೋಗುವವರು ಹನ್ನೊಂದರೊಳಗೆ ಹೋಗಿ, ಮುಂಗೊ ಬೇಗ ಖಾಲಿಯಾಗುತ್ತದೆ. ಚಿಲ್ಲರೆ ಇಟ್ಟುಕೊಳ್ಳಿ. ‘ಇದೆಯಾ’ ಎಂದು ಕೇಳಿದಾಗ ಹುಡುಗ ಸುಮ್ಮನೆ ಹುಬ್ಬು ಏರಿಸಿದರೆ ಸಿಟ್ಟಾಗಬೇಡಿ, ‘ಇದೆ’ ಎಂದರ್ಥ.